40 ಗಂಟೆಯಲ್ಲಿ ಯಾರೂ ಬಿಹೇವಿಯರ್ ಅನಲಿಸ್ಟ್ ಆಗುವುದಿಲ್ಲ

ಪ್ರಶ್ನೆ: ಸೈಕಾಲಜಿಯಲ್ಲಿ ಬಿ.ಎ. ಆಗಿದೆ. ಆನ್‌ಲೈನ್‌ನಲ್ಲಿ 40 ಗಂಟೆಯ ಎಬಿಎ (ವರ್ತನೆಯನ್ನು ವಿಶ್ಲೇಷಿಸಿ ಕಲಿಸುವ ವಿಧಾನ) ಕೋರ್ಸ್ ಮುಗಿಸಿದ್ದೇನೆ. ಬನಶಂಕರಿಯಲ್ಲಿ ಆಟಿಸಂ ಮಕ್ಕಳಿಗೆ ಸೆಂಟರ್ ತೆರೆಯಬಹುದಾ?

ಬೇಡ. ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. 40 ಗಂಟೆಯ ತರಬೇತಿ ಟೆಕ್ನಿಷಿಯನ್‌ಗಳಿಗೆ. ಅವರು ಬೇರೆಯವರು ಬರೆದ ಪ್ಲಾನ್ ಪ್ರಕಾರ, ಅವರ ಮೇಲ್ವಿಚಾರಣೆಯಲ್ಲೇ ಕೆಲಸ ಮಾಡಬೇಕು. ಪ್ಲಾನ್ ಬರೆಯುವವರು ಬಿಹೇವಿಯರ್ ಅನಲಿಸ್ಟ್‌ಗಳು, ಅವರ ಓದೇ ಬೇರೆ. ಬಿಸಿಬಿಎ ಅನ್ನುವ ಅಮೆರಿಕದ ಅನಲಿಸ್ಟ್ ಸರ್ಟಿಫಿಕೇಟ್‌ಗೆ ಮಾಸ್ಟರ್ಸ್ ಬೇಕು, ಮೇಲ್ವಿಚಾರಣೆಯಲ್ಲಿ 1500ರಿಂದ 2000 ಗಂಟೆ ಕೆಲಸ ಬೇಕು, ಆಮೇಲೆ ಪರೀಕ್ಷೆ. ಅದೂ 2023ರ ಜನವರಿಯಿಂದ ಭಾರತದಲ್ಲಿರುವವರಿಗೆ ಸಿಗುತ್ತಿಲ್ಲ. 'ಬೆಂಗಳೂರಲ್ಲೇ ಕೂತು ಬಿಸಿಬಿಎ ಆಗಿ' ಅನ್ನುವವರ ಕೈಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಇಲ್ಲಿದ್ದುಕೊಂಡೇ ಮಾಡಬೇಕೆಂದರೆ ಇಂಥದ್ದೇ ಸರ್ಟಿಫಿಕೇಟ್ ಕೊಡುವ ಕ್ಯೂಎಬಿಎ, ಐಬಿಎಒ ಸಂಸ್ಥೆಗಳಿವೆ. ಜೊತೆಗೆ ಆರ್‌ಸಿಐ (ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ) ಮಾನ್ಯತೆ ಇರುವ ಸ್ಪೆಷಲ್ ಎಜುಕೇಷನ್ ಕೋರ್ಸನ್ನೂ ಮಾಡಿ ಅನ್ನುತ್ತೇನೆ. ಇದು ನನ್ನ ಸ್ವಂತ ಅಭಿಪ್ರಾಯ.

ಯಾಕಿಷ್ಟು ಹೇಳುತ್ತೇನೆ ಅಂದರೆ, ತಪ್ಪಾದರೆ ಅನುಭವಿಸೋದು ಮಗು. ಒಮ್ಮೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳ ಡೇಟಾ ಶೀಟ್, ಅಂದರೆ ಮಗುವಿನ ವರ್ತನೆ ಬರೆದಿಡುವ ಹಾಳೆ, ನೋಡಿದೆ. ಪೂರ್ತಿ ವಾರ 'ಹಠ', 'ಹಠ', 'ಜಾಸ್ತಿ ಹಠ' ಅಂತ ಬರೆದಿದ್ದಳು. ಹಠ ಡೇಟಾ ಅಲ್ಲ. ಪಕ್ಕದಲ್ಲಿ ಕೂತು ನೋಡಿದೆ. 11:10ಕ್ಕೆ ಬರೆಯಲು ಹೇಳಿದಳು. ಹುಡುಗ ಪೆನ್ಸಿಲ್ ಎಸೆದ. ಶಿಕ್ಷೆ ಅಂತ ಮೂಲೆಗೆ ಕಳಿಸಿದಳು. ಅಲ್ಲಿ ಅವನು ನೆಮ್ಮದಿಯಾಗಿ ಗೋಡೆಗೆ ಒರಗಿ ಕೂತ. ಅವನಿಗೆ ಬೇಕಿದ್ದದ್ದೇ ಅದು, ಬರವಣಿಗೆಯಿಂದ ಬಿಡುಗಡೆ. ಅವಳಿಗೆ ಗೊತ್ತಿಲ್ಲದೆಯೇ ಪೆನ್ಸಿಲ್ ಎಸೆಯೋದನ್ನು ದಿನಾ ಕಲಿಸುತ್ತಿದ್ದಳು. ಒಂದು ಪುಟದ ಬದಲು ಎರಡೇ ಅಕ್ಷರ ಬರೆಸಿದೆವು. 'ಸಾಕು' ಅಂತ ಬರೆದ ಕಾರ್ಡ್ ಕೊಟ್ಟು, ಅದನ್ನು ತೋರಿಸಿದ ಕೂಡಲೇ ಬಿಡುವು ಕೊಟ್ಟೆವು. ಎಸೆಯೋದು ನಿಧಾನಕ್ಕೆ ಕಡಿಮೆಯಾಯಿತು. ಎರಡಕ್ಷರ ನಾಲ್ಕಾಯಿತು.

ಇದನ್ನು ಯಾವ ವಿಡಿಯೋ ನೋಡಿಯೂ ಕಲಿಯಲು ಆಗಲ್ಲ. ತಪ್ಪು ಮಾಡುವಾಗ ಪಕ್ಕದಲ್ಲಿ ಕೂತು ತಿದ್ದುವವರು ಬೇಕು. ಕೆಲಸಕ್ಕೆ ಸೇರುವ ಮೊದಲು ಕೇಳಿ: ನನ್ನ ಸೆಷನ್ ಯಾರು ನೋಡುತ್ತಾರೆ, ವಾರಕ್ಕೆ ಎಷ್ಟು ಹೊತ್ತು? ಸರಿಯಾದ ಉತ್ತರ ಬರದಿದ್ದರೆ ವಾಪಸ್ ಬನ್ನಿ.

ಪ್ರಶ್ನೆ: ನಾನಿರುವ ಸೆಂಟರ್‌ನಲ್ಲಿ ಪೋಷಕರಿಗೆ ಸ್ಟೆಮ್ ಸೆಲ್ ಚಿಕಿತ್ಸೆ ಮಾಡಿಸಿ ಅಂತ ಹೇಳಿಸುತ್ತಾರೆ. ಏನು ಮಾಡಲಿ?

ಕೆಲಸ ಬಿಡಿ. ಆಟಿಸಂಗೆ ಅದನ್ನು ಶಿಫಾರಸು ಮಾಡುವಂತಿಲ್ಲ ಅಂತ ನ್ಯಾಷನಲ್ ಮೆಡಿಕಲ್ ಕಮಿಷನ್ 2022ರಲ್ಲೇ ಹೇಳಿದೆ. ಸಾಲ ಮಾಡಿ ಬರುವ ಅಪ್ಪ ಅಮ್ಮನಿಗೆ ಆಸೆ ತೋರಿಸಿ ದುಡ್ಡು ಕೀಳುವುದು ಮೋಸ.

ಪ್ರಶ್ನೆ: ಎಲ್ಲ ಮಕ್ಕಳಿಗೂ ಒಂದೇ ಪ್ಲಾನ್ ಇಟ್ಟುಕೊಂಡರೆ ಆಗಲ್ವಾ?

ಆಗಲ್ಲ.

ಪ್ರಶ್ನೆ: ಮನೆಯಲ್ಲಿ ಕನ್ನಡ ನಿಲ್ಲಿಸಿ, ಇಂಗ್ಲಿಷ್ ಮಾತ್ರ ಮಾತಾಡಿ ಅಂತ ಪೋಷಕರಿಗೆ ಹೇಳಬೇಕಾ?

ಖಂಡಿತ ಹೇಳಬೇಡಿ. ಎರಡು ಭಾಷೆಯಿಂದ ಆಟಿಸಂ ಮಕ್ಕಳ ಮಾತು ಹಿಂದೆ ಬೀಳುತ್ತದೆ ಅನ್ನೋದು ಸುಳ್ಳು. ಅಜ್ಜಿಗೆ ಬರುವುದು ಕನ್ನಡ. ಮಗು ಮೊದಲು 'ನೀರು' ಅಂತ ಕೇಳಲು ಕಲಿಯಲಿ, 'ವಾಟರ್' ಆಮೇಲೆ.