ಸಮುದ್ರವೇ ನುಡಿಸುವ ಮೆಟ್ಟಿಲು

ಪ್ರಶ್ನೆ: ಮೇಡಂ, ಕ್ರೊಯೇಷಿಯಾದ ಜಾದರ್ ಎಂಬ ಊರಲ್ಲಿ ಸಮುದ್ರದ ದಡದ ಮೆಟ್ಟಿಲುಗಳಿಂದ ಸಂಗೀತ ಬರುವ ವಿಡಿಯೊ ನೋಡಿದೆ. ಒಳಗೆ ಸ್ಪೀಕರ್ ಇಟ್ಟಿರ್ತಾರೆ ಅಂತ ನಮ್ಮಣ್ಣನ ವಾದ. ನಿಜವೇ? ನಮ್ಮ ಕಡೆಯೂ ಹಾಗೆ ಮಾಡಬಹುದಾ?
– ಓದುಗರೊಬ್ಬರು, ಹೊನ್ನಾವರ

ಉತ್ತರ: ಸ್ಪೀಕರ್ ಇಲ್ಲ, ಮೋಟಾರೂ ಇಲ್ಲ. ಮಗಳ ಮನೆಗೆ ಹೋದಾಗ ಎರಡು ದಿನ ಬಿಡುವು ಮಾಡಿಕೊಂಡು ಹೋಗಿ ಕೇಳಿ ಬಂದಿದ್ದೇನೆ. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಟ್ಟವಳು ನಾನು. ಗಾಳಿ, ಕೊಳವೆ, ನಾದ ಅಂತ ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ಅಲ್ಲಿ ಕಾಲ ಕೆಳಗೆ ಕೇಳಿದೆ.

ಮೊದಲು ಮನೆಯಲ್ಲೇ ಒಂದು ಪ್ರಯೋಗ ಮಾಡಿ, ಅಣ್ಣನಿಗೂ ತೋರಿಸಿ. ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ. ಬಾಯಿಗೆ ಒಂದು ಸೀಟಿ ಸಿಕ್ಕಿಸಿ, ಸುತ್ತ ಗಾಳಿ ಹೋಗದಂತೆ ಟೇಪ್ ಸುತ್ತಿ. ಈಗ ನೀರು ತುಂಬಿದ ಬಕೆಟ್ಟಿಗೆ ಬಾಟಲಿಯನ್ನು ಜೋರಾಗಿ ಅದುಮಿ. ಒಳಗೆ ಏರಿದ ನೀರು ಗಾಳಿಯನ್ನು ತಳ್ಳುತ್ತದೆ, ಸೀಟಿ ಕೂಗುತ್ತದೆ. ಜಾದರಿನಲ್ಲಿ ಬಾಟಲಿ ಅದುಮುವ ಕೆಲಸ ಅಲೆಯದು. ಹಾರ್ಮೋನಿಯಂ ಬಾರಿಸುವವರು ತಿದಿ ಒತ್ತುತ್ತಾರಲ್ಲ, ಇಲ್ಲಿ ಅಲೆಯೇ ತಿದಿ.

ಇದನ್ನು ರೂಪಿಸಿದವರು ನಿಕೋಲಾ ಬಾಶಿಚ್ ಎಂಬ ವಾಸ್ತುಶಿಲ್ಪಿ. 2005ರಲ್ಲಿ ಜನರಿಗೆ ತೆರೆದರು. ಎರಡನೇ ಮಹಾಯುದ್ಧದ ಬಾಂಬಿಗೆ ಊರು ಜಖಂ ಆಗಿತ್ತು. ಆಮೇಲೆ ದಡಕ್ಕೆ ಬರೀ ಕಾಂಕ್ರೀಟ್ ಗೋಡೆ ಕಟ್ಟಿದ್ದರು. ಅಂಥ ಕಡೆ ಈಗ ಸುಮಾರು 70 ಮೀಟರ್ ಉದ್ದಕ್ಕೆ ಬಿಳಿ ಕಲ್ಲಿನ ಮೆಟ್ಟಿಲುಗಳು ನೀರಿಗೆ ಇಳಿಯುತ್ತವೆ. ಕಲ್ಲಿನಡಿ 35 ಕೊಳವೆಗಳಿವೆ. ಐದೈದರಂತೆ ಏಳು ಗುಂಪು. ಒಂದೊಂದು ಗುಂಪಿನ ಕೊಳವೆಗಳನ್ನು ಪರಸ್ಪರ ಹೊಂದುವ ಸ್ವರಗಳಿಗೆ ಕೂಡಿಸಿದ್ದಾರೆ. ಹಾಗಾಗಿ ಅಲೆ ಯಾವ ಕೊಳವೆಗೆ ಮೊದಲು ನುಗ್ಗಿದರೂ ಅಪಸ್ವರ ಬರುವುದಿಲ್ಲ. ಮೋಹನ ರಾಗದ ಯಾವ ಎರಡು ಸ್ವರ ಒಟ್ಟಿಗೆ ನುಡಿಸಿದರೂ ಕಿವಿಗೆ ಚುಚ್ಚಲ್ಲ ಅಲ್ವಾ, ಹಾಗೆ.

ನಾನು ಹೋದ ದಿನ ಸಮುದ್ರ ಶಾಂತವಾಗಿತ್ತು. ದಪ್ಪ ದನಿಯ ಒಂದು ಗುಂಯ್, ಆಮೇಲೆ ಮೌನ. ದೂರದಲ್ಲಿ ಒಂದು ದೋಣಿ ದಾಟಿತು. ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಅದರ ಅಲೆ ದಡ ಮುಟ್ಟಿತು ನೋಡಿ, ಮೆಟ್ಟಿಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ದನಿಗಳು ಸರಸರ ಎದ್ದವು. ಕಲ್ಲುಹಾಸಿನ ತೂತೊಂದಕ್ಕೆ ಕಿವಿ ಇಟ್ಟೆ. ದನಿಯ ಜೊತೆ ತಂಪು ಗಾಳಿ ಕೆನ್ನೆಗೆ ತಾಗಿತು. ಪಕ್ಕದಲ್ಲಿ ಪುಟ್ಟ ಹುಡುಗಿಯೊಬ್ಬಳು ಅಂಗಾತ ಮಲಗಿ ಕಣ್ಣು ಮುಚ್ಚಿದ್ದಳು.

ಇನ್ನು ನಮ್ಮ ಕಡೆಯ ವಿಷಯ. ಅಲ್ಲಿಯ ಸಮುದ್ರದಲ್ಲಿ ಉಬ್ಬರ ಇಳಿತ ತೀರಾ ಕಡಿಮೆ, ಅರ್ಧ ಮೀಟರೂ ಇಲ್ಲ. ಕೊಳವೆಯ ಬಾಯಿ ಸದಾ ನೀರಿನ ಮಟ್ಟದ ಹತ್ತಿರವೇ ಇರುತ್ತದೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗೆ ನೀರು ಎಷ್ಟು ಏರಿ ಇಳಿಯುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಒಮ್ಮೆ ಕೊಳವೆ ಪೂರ್ತಿ ಮುಳುಗುತ್ತದೆ, ಇನ್ನೊಮ್ಮೆ ಪೂರ್ತಿ ಒಣಗುತ್ತದೆ. ಮಳೆಗಾಲದ ಅಲೆ, ಮರಳು ಬೇರೆ. ಅದರ ನಕಲು ಇಲ್ಲಿ ನಡೆಯಲ್ಲ. ನಮ್ಮ ಕಡಲಿಗೆ ತಕ್ಕ ವಾದ್ಯವನ್ನು ನಮ್ಮ ಕಡಲು ಬಲ್ಲವರೇ ಯೋಚಿಸಬೇಕು. ಯಾರಾದರೂ ಯೋಚಿಸಲಿ ಅಂತ ನನಗೆ ತುಂಬಾ ಆಸೆ ಇದೆ.

ಪ್ರಶ್ನೆ: ಅದೇ ಊರಲ್ಲಿ ರಾತ್ರಿ ಹೊಳೆಯುವ ನೆಲವೂ ಇದೆಯಂತೆ. ಅದಕ್ಕೆ ಕರೆಂಟ್ ದಂಡ ಅಲ್ಲವೇ?
– ಓದುಗರು, ದಾವಣಗೆರೆ

ಉತ್ತರ: ಅದು ಬಿಸಿಲಿನದೇ ಕರೆಂಟು. ಬಾಶಿಚ್ ಅವರೇ 2008ರಲ್ಲಿ ಮಾಡಿದ್ದು, ಹೆಸರು ‘ಸೂರ್ಯನಿಗೆ ನಮಸ್ಕಾರ’. 22 ಮೀಟರ್ ಅಗಲದ ವೃತ್ತ, ಅದರಲ್ಲಿ 300 ಗಾಜಿನ ಫಲಕಗಳು, ಅಡಿಯಲ್ಲಿ ಸೋಲಾರ್ ಕೋಶಗಳು. ಹಗಲೆಲ್ಲ ಜನ ಅದರ ಮೇಲೆ ಓಡಾಡುತ್ತಿರುತ್ತಾರೆ, ಅದು ಬಿಸಿಲು ಕುಡಿಯುತ್ತಿರುತ್ತದೆ. ಸೂರ್ಯ ಮುಳುಗಿದ ಮೇಲೆ ನೆಲದಿಂದ ನೀಲಿ, ಹಸಿರು, ಕೆಂಪು ಬೆಳಕು. ಹತ್ತಿರದಲ್ಲೇ ಗ್ರಹಗಳ ಲೆಕ್ಕಕ್ಕೆ ಚಿಕ್ಕ ವೃತ್ತಗಳೂ ಇವೆ. ನೋಡಲು ಚೆಂದ. ಆದರೂ ನನ್ನ ಮನಸ್ಸು ಮೆಟ್ಟಿಲ ಕಡೆಗೇ ಎಳೆಯುತ್ತಿತ್ತು.

ಪ್ರಶ್ನೆ: ನಮ್ಮ ಗವಿ ಗಂಗಾಧರೇಶ್ವರ ಗುಡಿಯಲ್ಲಿ ಸಂಕ್ರಾಂತಿ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗ ಮುಟ್ಟುತ್ತದೆ. ಈಗಿನ ಕಲಾವಿದರೂ ಹೀಗೆ ಬಿಸಿಲಿನ ಲೆಕ್ಕ ಹಿಡಿದು ಕಟ್ಟಿದ್ದಾರಾ?
– ಓದುಗರು, ಗವಿಪುರ, ಬೆಂಗಳೂರು

ಉತ್ತರ: ಹೌದು. ಅಮೆರಿಕದ ಯೂಟಾ ರಾಜ್ಯದ ಮರುಭೂಮಿಯಲ್ಲಿ ನ್ಯಾನ್ಸಿ ಹಾಲ್ಟ್ ಎಂಬ ಕಲಾವಿದೆ 1976ರಲ್ಲಿ ಮುಗಿಸಿದ ‘ಸನ್ ಟನಲ್ಸ್’ ಇದೆ. ನಾಲ್ಕು ದೊಡ್ಡ ಕಾಂಕ್ರೀಟ್ ಕೊಳವೆಗಳು. ಒಂದೊಂದೂ 18 ಅಡಿ ಉದ್ದ, 9 ಅಡಿ ಎತ್ತರ. ಜೂನ್ 21, ಡಿಸೆಂಬರ್ 21ರ ಆಸುಪಾಸಿನಲ್ಲಿ ಸೂರ್ಯ ಹುಟ್ಟುವುದು, ಮುಳುಗುವುದು ಎರಡೂ ಈ ಕೊಳವೆಗಳ ಒಳಗಿಂದ ನೇರ ಕಾಣುತ್ತದೆ. ನನಗೆ ಇಷ್ಟವಾದದ್ದು ಇನ್ನೊಂದು. ಕೊಳವೆಗಳ ಮೈಯಲ್ಲಿ ನಕ್ಷತ್ರಪುಂಜಗಳ ಆಕಾರದಲ್ಲಿ ತೂತು ಕೊರೆದಿದ್ದಾರೆ. ಸುಡುವ ಮಧ್ಯಾಹ್ನ ಒಳಗೆ ನಿಂತರೆ ಬಿಸಿಲಿನ ಚುಕ್ಕಿಗಳು ಗೋಡೆಯ ಮೇಲೆ ನಿಧಾನಕ್ಕೆ ಸರಿಯುತ್ತವೆ.