ಹಳೆಯ ಜಪಾನಿ ಕಂಚಿನ ಕೈಗನ್ನಡಿಯನ್ನು ಪಾಲಿಶ್ ಮಾಡಿಸಬಹುದಾ?

ಹಿಡಿ ಇರುವ ಹಳೆಯ ಜಪಾನಿ ಕಂಚಿನ ಕನ್ನಡಿ ಕೊಂಡಿದ್ದೀರಿ. ಮುಖ ಕಪ್ಪಾಗಿದೆ, ಪಾಲಿಶ್ ಮಾಡಿಸಲಾ ಎಂದು ಕೇಳಿದ್ದೀರಿ. ಹಿಂಭಾಗದಲ್ಲಿ ‘ತೆಂಕಾ ಇಚಿ’ ಎಂಬ ಬರಹ ಇದೆಯಂತೆ, ಹಾಗಾದರೆ ಬಹಳ ಹಳೆಯದಾ ಎಂಬುದು ಇನ್ನೊಂದು ಪ್ರಶ್ನೆ.

ದಯವಿಟ್ಟು ಪಾಲಿಶ್ ಮಾಡಿಸಬೇಡಿ. ಇಂಥ ಕನ್ನಡಿಗಳು ಹೆಚ್ಚಾಗಿ ಎಡೊ ಕಾಲದವು, ಅಂದರೆ 1603ರಿಂದ 1868ರ ನಡುವಿನವು. ಆಗ ಕಂಚಿನ ಮುಖವನ್ನು ನುಣುಪು ಮಾಡಿ, ಮೇಲೆ ತವರ ಮತ್ತು ಪಾದರಸದ ತೆಳು ಲೇಪ ಕೊಡುತ್ತಿದ್ದರು. ಪ್ರತಿಬಿಂಬ ಕಾಣುತ್ತಿದ್ದದ್ದು ಆ ಲೇಪದಲ್ಲಿ. ಅದು ಮಾಸಿದಾಗ ಮತ್ತೆ ಹೊಳಪು ಕೊಡಲು ಬೀದಿ ಬೀದಿ ತಿರುಗುವ ಕಸುಬುದಾರರಿದ್ದರು. ಕೇರಳದ ಆರನ್ಮುಳ ಕನ್ನಡಿ ಹಾಗಲ್ಲ, ಅದರಲ್ಲಿ ತವರ ಜಾಸ್ತಿ, ಉಜ್ಜಿದ ಲೋಹವೇ ಹೊಳೆಯುತ್ತದೆ. ನಿಮ್ಮದನ್ನು ಹಿತ್ತಾಳೆ ಪಾತ್ರೆ ಉಜ್ಜಿದ ಹಾಗೆ ಉಜ್ಜಿದರೆ ಉಳಿದಿರುವ ಲೇಪವೂ ಹೋಗುತ್ತದೆ. ಜೊತೆಗೆ ಪಾದರಸ ಇರುವ ಪುಡಿ ಕೈಗೆ, ಮೂಗಿಗೆ. ಬಿಸಿ ಮಾಡುವುದಂತೂ ಬೇಡವೇ ಬೇಡ. ಒಣಗಿದ ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದರೆ ಸಾಕು.

ಈಗ ‘ತೆಂಕಾ ಇಚಿ’. ಲೋಕಕ್ಕೇ ಮೊದಲಿಗ ಎಂಬ ಬಿರುದು ಅದು. ಮೊದಲು ನಿಜವಾದ ಕುಶಲಿಗರಿಗೆ ಸಿಗುತ್ತಿತ್ತು. ಆಮೇಲೆ ಎಲ್ಲರೂ ಹಾಕಿಕೊಳ್ಳತೊಡಗಿದರು, 1682ರಲ್ಲಿ ಸರ್ಕಾರ ನಿಷೇಧಿಸಿತು. ಆದರೂ ನಂತರದ ಕನ್ನಡಿಗಳಲ್ಲೂ ಅದು ಕಾಣುತ್ತದೆ. ‘ಫುಜಿವಾರಾ’ ಎಂಬ ದೊಡ್ಡ ಮನೆತನದ ಹೆಸರನ್ನೂ ತುಂಬಾ ತಯಾರಕರು ಬಳಸುತ್ತಿದ್ದರು. ಹಾಗಾಗಿ ಬರಹ ನೋಡಿ ವಯಸ್ಸು ಹೇಳಬೇಡಿ, ಆಕಾರ ನೋಡಿ. ಚಿಕ್ಕ ತಟ್ಟೆ, ಉದ್ದನೆಯ ಸಪೂರ ಹಿಡಿ ಇದ್ದರೆ ಸಾಮಾನ್ಯವಾಗಿ ಹಳೆಯದು. ಕಾಲ ಕಳೆದಂತೆ ಹೆಂಗಸರ ತುರುಬು ದೊಡ್ಡದಾಯಿತು, ಕನ್ನಡಿಯೂ ದೊಡ್ಡದಾಯಿತು, ಹಿಡಿ ಗಿಡ್ಡವಾಗಿ ಅಗಲವಾಯಿತು. ತುರುಬಿನ ಹಿಂಭಾಗ ನೋಡಿಕೊಳ್ಳಲು ಎರಡು ಕನ್ನಡಿಗಳನ್ನು ಎದುರುಬದುರು ಹಿಡಿಯುತ್ತಿದ್ದರು.

ನನಗೆ ಇದರಲ್ಲಿ ನಿಜವಾದ ಖುಷಿ ಇರುವುದು ಹಿಂಭಾಗದಲ್ಲಿ. ನನ್ನ ಬಳಿ ಇರುವ ಒಂದರಲ್ಲಿ ತಕಾಸಾಗೊ ಎಂಬ ಹಳೆಯ ಜಪಾನಿ ಕಥೆಯ ಮುದಿ ದಂಪತಿ ಇದ್ದಾರೆ. ಅಜ್ಜನ ಕೈಯಲ್ಲಿ ಎಲೆ ಬಾಚುವ ಕುಂಟೆ, ಅಜ್ಜಿಯ ಕೈಯಲ್ಲಿ ಪೊರಕೆ, ಮೇಲೆ ಪೈನ್ ಮರ, ಜೊತೆಗೆ ಕೊಕ್ಕರೆ ಮತ್ತು ಆಮೆ. ಆಮೆಯ ಹಿಂದೆ ಉದ್ದ ಬಾಲದಂತೆ ಪಾಚಿ ಎಳೆದುಕೊಂಡಿದೆ, ಅಷ್ಟು ವರ್ಷ ಬದುಕಿದ ಆಮೆ ಎಂದರ್ಥ. ಮುಪ್ಪಿನವರೆಗೂ ಜೊತೆಯಾಗಿರಿ ಎಂಬ ಹಾರೈಕೆ ಎಷ್ಟು ಚೆನ್ನಾಗಿ ಕೂತಿದೆ ಅಲ್ವಾ? ಭೂತಗನ್ನಡಿ ಹಿಡಿದರೆ ಪೈನ್ ಎಲೆಯ ಒಂದೊಂದು ಸೂಜಿಯೂ ಬೇರೆ ಬೇರೆ ಕಾಣುತ್ತದೆ.

ನೀವು ನೋಡಬೇಕಾದದ್ದೂ ಅದನ್ನೇ. ಬೇಡಿಕೆ ಜಾಸ್ತಿಯಾದಾಗ, ಮುಗಿದ ಕನ್ನಡಿಯನ್ನೇ ಮಣ್ಣಿಗೆ ಒತ್ತಿ ಹೊಸ ಅಚ್ಚು ತೆಗೆಯುತ್ತಿದ್ದರು. ಅಂಥ ಎರಕದಲ್ಲಿ ಗೆರೆಗಳು ಕರಗಿ, ಎಲೆಗಳೆಲ್ಲ ಒಂದೇ ಮುದ್ದೆಯಾಗಿ ಕಾಣುತ್ತವೆ. ಲೋಹ ಆರುವಾಗ ಕುಗ್ಗುವುದರಿಂದ ಅಳತೆಯೂ ಸ್ವಲ್ಪ ಕಿರಿದಾಗುತ್ತದೆ. ಅವೂ ಹಳೆಯವೇ, ನಕಲಿಯಲ್ಲ. ಆದರೆ ದುಡ್ಡು ಕೊಡುವಾಗ ನಾನು ಚುರುಕಾದ ಗೆರೆಗೇ ಕೊಡುತ್ತೇನೆ. ಹಿಡಿಗೆ ಬೆತ್ತದ ಸುತ್ತು ಇನ್ನೂ ಉಳಿದಿದ್ದರೆ ಅದನ್ನು ಬಿಚ್ಚಬೇಡಿ.

ಮುಖ ಇನ್ನೂ ಸ್ವಲ್ಪ ಹೊಳೆಯುವ ಕನ್ನಡಿ ಮುಂದೆ ಸಿಕ್ಕರೆ ಬಿಸಿಲಿಗೆ ಹಿಡಿದು, ಬೆಳಕನ್ನು ಗೋಡೆಗೆ ಬೀಳಿಸಿ ನೋಡಿ. ಕೆಲವದರಲ್ಲಿ ಹಿಂಭಾಗದ ಚಿತ್ರ ಗೋಡೆಯ ಮೇಲೆ ಮೂಡುತ್ತದೆ! ತಯಾರಿಸುವಾಗ ತೆಳು ಕನ್ನಡಿಯ ಮುಖವನ್ನು ಉಜ್ಜುತ್ತಾರೆ. ಚಿತ್ರದ ಉಬ್ಬಿರುವ ಕಡೆ ಲೋಹ ದಪ್ಪ, ಉಳಿದ ಕಡೆ ತೆಳು. ಎರಡೂ ಒಂದೇ ಥರ ಬಾಗುವುದಿಲ್ಲ. ಮುಖದಲ್ಲಿ ಕಣ್ಣಿಗೆ ಕಾಣದಷ್ಟು ಏರುತಗ್ಗು ಉಳಿಯುತ್ತದೆ, ಬೆಳಕು ಅದನ್ನು ಹಿಡಿದು ತೋರಿಸುತ್ತದೆ. ಟೋಕಿಯೊದಲ್ಲಿ ಪಾಠ ಹೇಳುತ್ತಿದ್ದ ಏರ್ಟನ್ ಮತ್ತು ಪೆರಿ ಎಂಬ ಬ್ರಿಟಿಷ್ ವಿಜ್ಞಾನಿಗಳು 1870ರ ದಶಕದ ಕೊನೆಗೆ ಇದನ್ನು ವಿವರಿಸಿದರು. ತಮ್ಮ ಧರ್ಮಕ್ಕೆ ನಿಷೇಧವಿದ್ದ ಕಾಲದಲ್ಲಿ ಬಚ್ಚಿಟ್ಟುಕೊಂಡು ಬದುಕಿದ ಜಪಾನಿನ ಕ್ರೈಸ್ತರು ಶಿಲುಬೆ ಮೂಡಿಸುವ ಇಂಥ ಕನ್ನಡಿಗಳನ್ನು ಇಟ್ಟುಕೊಂಡಿದ್ದರು. ಕ್ಯೋಟೊದಲ್ಲಿ ಯಾಮಾಮೊಟೊ ಮನೆತನ ಇವತ್ತಿಗೂ ಕೈಯಲ್ಲೇ ಇವನ್ನು ಮಾಡುತ್ತದೆ.