ಓದುಗರ ಪ್ರಶ್ನೆ: ಮೊದಲ ಸಲ ಯಾವ ಒಪೆರಾ ನೋಡಲಿ?

ಪ್ರಶ್ನೆ: ಪಶ್ಚಿಮದ ಸಂಗೀತ ನಾಟಕವಾದ ಒಪೆರಾವನ್ನು ಇದುವರೆಗೆ ಒಂದೂ ನೋಡಿಲ್ಲ. ಬಲ್ಲವರನ್ನು ಕೇಳಿದರೆ ಒಬ್ಬರು ವಾಗ್ನರ್ ಅನ್ನುತ್ತಾರೆ, ಇನ್ನೊಬ್ಬರು ಮೊಜಾರ್ಟ್ ಅನ್ನುತ್ತಾರೆ. ಶುರು ಮಾಡಲು ಒಂದೇ ಒಂದು ಹೆಸರು ಹೇಳಿ.

ಉತ್ತರ: ಸಂಗೀತ ರಚನೆಕಾರ ಪುಚ್ಚೀನಿಯ ‘ಲಾ ಬೊಹೆಮ್’. 1896ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಮೊದಲು ರಂಗಕ್ಕೇರಿದ ಈ ಕೃತಿಯನ್ನು ಇಂದಿಗೂ ಎಲ್ಲ ಕಡೆ ಆಡುತ್ತಾರೆ, ಹಾಗಾಗಿ ನೋಡಲು ಸಿಗುವುದೂ ಸುಲಭ. ನಾಲ್ಕು ಅಂಕಗಳ ಸಂಗೀತ ಒಟ್ಟು ಎರಡು ಗಂಟೆಯೊಳಗೇ ಮುಗಿಯುತ್ತದೆ. ವಿರಾಮ ಸೇರಿಸಿದರೆ ಎರಡೂವರೆಯಿಂದ ಮೂರು ಗಂಟೆ ಆದೀತು. ಯಾವ ಅಂಕವೂ ಮುಕ್ಕಾಲು ಗಂಟೆ ಮುಟ್ಟುವುದಿಲ್ಲ. ಪುರಾಣವಾಗಲಿ, ರಾಜಮನೆತನದ ವಂಶಾವಳಿಯಾಗಲಿ ತಿಳಿದಿರಬೇಕಿಲ್ಲ. ಪ್ಯಾರಿಸ್ಸಿನಲ್ಲಿ ಕೈಯಲ್ಲಿ ಕಾಸಿಲ್ಲದ ನಾಲ್ವರು ಗೆಳೆಯರು, ಅದೇ ಕಟ್ಟಡದಲ್ಲಿರುವ ಕಸೂತಿ ಕೆಲಸದ ಹುಡುಗಿ ಮಿಮಿ, ಅವಳ ಪ್ರೀತಿ, ಅವಳ ಕ್ಷಯರೋಗ. ಕಥೆ ಇಷ್ಟೇ.

ಇದನ್ನೇ ಹೇಳಲು ಇನ್ನೂ ದೊಡ್ಡ ಕಾರಣವಿದೆ. ಒಪೆರಾ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲ ಅಂಕದ ಕೊನೆಯ ಕಾಲು ಗಂಟೆಯೇ ಕಲಿಸಿಬಿಡುತ್ತದೆ. ಆರಿದ ಮೇಣದಬತ್ತಿ ಹೊತ್ತಿಸಿಕೊಳ್ಳಲು ಮಿಮಿ ಕವಿ ರೊಡಾಲ್ಫೊನ ಕೋಣೆಗೆ ಬರುತ್ತಾಳೆ. ಅವಳ ಬೀಗದ ಕೈ ಎಲ್ಲೋ ಬಿದ್ದುಹೋಗುತ್ತದೆ, ದೀಪ ಮತ್ತೆ ಆರುತ್ತದೆ, ಇಬ್ಬರೂ ಕತ್ತಲಲ್ಲಿ ನೆಲ ತಡಕಾಡುತ್ತಾರೆ. ಅವನಿಗೆ ಬೀಗದ ಕೈ ಸಿಗುತ್ತದೆ, ಸದ್ದಿಲ್ಲದೆ ಜೇಬಿಗಿಳಿಸುತ್ತಾನೆ. ಇಷ್ಟು ಹೊತ್ತೂ ಹಾಡು ಮಾತಿನ ಹಾಗೆ ತುಂಡುತುಂಡಾಗಿ ಓಡುತ್ತಿರುತ್ತದೆ. ಅವಳ ತಣ್ಣನೆಯ ಕೈ ಅವನ ಕೈಗೆ ತಗುಲಿದೊಡನೆ ಘಟನೆ ನಿಂತು ಮನಸ್ಸು ಬಾಯಿಬಿಡುತ್ತದೆ. ಅವನ ಆರಿಯಾ (ಒಬ್ಬರೇ ಹಾಡುವ ಹಾಡು) ಹೆಚ್ಚುಕಡಿಮೆ ಒಂದೇ ಸ್ವರದ ಮೇಲೆ ಶುರುವಾಗಿ, ಟೆನರ್‌ಗಳ, ಎಂದರೆ ಎತ್ತರದ ದನಿಯ ಗಂಡು ಗಾಯಕರ, ಎದೆಗಾರಿಕೆ ಪರೀಕ್ಷಿಸುವ ‘ಹೈ ಸಿ’ ಎಂಬ ಮೇಲಿನ ಸ್ವರದವರೆಗೆ ಏರುತ್ತದೆ. ಅದಕ್ಕೆ ಅವಳ ಉತ್ತರ, ಆಮೇಲೆ ಇಬ್ಬರ ಜೋಡಿಗಾನ. ಓಡುವ ಸಂಗೀತ, ನಿಲ್ಲುವ ಸಂಗೀತ ಎಂಬ ಈ ಎರಡು ನಡೆಗಳನ್ನು ಇಲ್ಲಿ ಕಿವಿಗೆ ಹಾಕಿಕೊಂಡರೆ ಇಟಲಿಯ ಇನ್ನೊಬ್ಬ ರಚನೆಕಾರ ವೆರ್ದಿಯ ಕೃತಿಗಳೂ ದಾರಿ ಬಿಟ್ಟುಕೊಡುತ್ತವೆ.

ವಾಗ್ನರನ ‘ರಿಂಗ್’ ಮಹಾಕೃತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ನಾಲ್ಕು ಸಂಜೆಗಳಲ್ಲಿ ಸುಮಾರು 15 ಗಂಟೆ ಹರಡಿಕೊಂಡಿದೆ, ಕೊನೆಯ ಭಾಗದ ಮೊದಲ ಅಂಕವೊಂದೇ ಎರಡು ಗಂಟೆಯ ಹತ್ತಿರ ಹೋಗುತ್ತದೆ. ಒಂದು ಹಾಡು ಮುಗಿಯಿತು, ಈಗ ಉಸಿರು ಬಿಡೋಣ ಎನ್ನುವ ಜಾಗವೇ ಅಲ್ಲಿ ಅಪರೂಪ. ವಾಗ್ನರನೇ ಬೇಕೆಂದರೆ 1843ರ ‘ಫ್ಲೈಯಿಂಗ್ ಡಚ್‌ಮನ್’ ನೋಡಿ. ಅದು ಎರಡೂಕಾಲು ಗಂಟೆಯ ಆಸುಪಾಸಿನದು.

ಪ್ರಶ್ನೆ: ಕೊನೆಗೆ ನಾಯಕಿ ಸಾಯುವ ಕಥೆ ನನಗೆ ಬೇಡ. ಬೇರೆ ಏನಿದೆ?

ಉತ್ತರ: ನಗಬೇಕೆಂದರೆ ರೊಸ್ಸೀನಿಯ ‘ಬಾರ್ಬರ್ ಆಫ್ ಸೆವಿಲ್’ (1816). ಹಾಡುಗಳ ನಡುವಿನ ಸಂಭಾಷಣೆಯನ್ನು ಕೀಬೋರ್ಡ್ ವಾದ್ಯವೊಂದರ ಜೊತೆ ಸರಸರ ಹೇಳುತ್ತಾ ಹೋಗುತ್ತಾರೆ. ಅಲ್ಲಿ ನಟರಿಗೆ ಹಾಸ್ಯದ ಕೈ ಇಲ್ಲದಿದ್ದರೆ ಸಂಜೆ ನೀರಸವಾಗುತ್ತದೆ.

ಮೊಜಾರ್ಟನ ‘ಮ್ಯಾಜಿಕ್ ಫ್ಲೂಟ್’ (ವಿಯೆನ್ನಾ, 1791) ಹೊಸಬರಿಗೆ ಎಲ್ಲರೂ ಹೇಳುವ ಹೆಸರು. ಹಾಡುಗಳ ನಡುವೆ ಬರುವುದು ನಿಜವಾದ ಮಾತು, ಆದ್ದರಿಂದ ನಾಟಕ ನೋಡಿ ರೂಢಿಯಿದ್ದವರಿಗೆ ಹತ್ತಿರವಾಗುತ್ತದೆ. ತೊಡಕು ಕಥೆಯಲ್ಲಿದೆ. ಮೊದಲು ಮಗಳನ್ನು ಕಳೆದುಕೊಂಡ ತಾಯಿಯಾಗಿ ಮರುಕ ಹುಟ್ಟಿಸುವ ‘ರಾತ್ರಿಯ ರಾಣಿ’ ಆಮೇಲೆ ದುಷ್ಟಳೆಂದು ತಿಳಿಯುತ್ತದೆ, ಖಳನೆಂದುಕೊಂಡಿದ್ದವನು ಜ್ಞಾನಿಯಾಗುತ್ತಾನೆ. ಮೊದಲೇ ಓದಿಕೊಳ್ಳದೆ ಹೋದವರು ಇಲ್ಲಿ ಎಡವುತ್ತಾರೆ. ಮಕ್ಕಳ ಜೊತೆ ಹೋಗುವುದಾದರೆ ಹುಂಪರ್‌ಡಿಂಕ್‌ನ ‘ಹ್ಯಾನ್ಸೆಲ್ ಅಂಡ್ ಗ್ರೇಟಲ್’ (1893) ಇನ್ನೂ ವಾಸಿ.

ಬಿಜೆಯ ‘ಕಾರ್ಮೆನ್’ (1875) ಕೊನೆಯಲ್ಲೂ ಸಾವಿದೆ. ಅದರ ರಾಗಗಳು ನಿಮಗೆ ಗೊತ್ತಿಲ್ಲದೆಯೇ ಕಿವಿಗೆ ಬಿದ್ದಿರುತ್ತವೆ, ಆದರೆ ವಿರಾಮ ಸೇರಿ ಮೂರು ಗಂಟೆ ದಾಟುತ್ತದೆ. ದಣಿದ ದಿನ ಅದಕ್ಕೆ ಹೋಗಬೇಡಿ.

ಪ್ರಶ್ನೆ: ಭಾಷೆ ತಿಳಿಯದೆ ಎರಡು ಗಂಟೆ ಕೂರುವುದು ಹೇಗೆ? ತೆರೆಯ ಮೇಲೆ ಬರುವ ಅನುವಾದ ಸಾಲದೇ?

ಉತ್ತರ: 1983ರಲ್ಲಿ ಟೊರಾಂಟೊದಲ್ಲಿ ಶುರುವಾದ ಈ ಏರ್ಪಾಟು ಈಗ ಬಹುತೇಕ ಕಡೆ ಇದೆ. ರಂಗದ ಮೇಲ್ಭಾಗದಲ್ಲೋ ಮುಂದಿನ ಸೀಟಿನ ಬೆನ್ನಿನಲ್ಲೋ ಸಾಲುಗಳು ಮೂಡುತ್ತವೆ. ಅದನ್ನೇ ನೆಚ್ಚಿಕೊಂಡು ಹೋದರೆ ಸಂಜೆಯಿಡೀ ಓದುವುದೇ ಆಗುತ್ತದೆ, ನೋಡುವುದು ಆಗುವುದಿಲ್ಲ.

ಹೋಗುವ ವಾರ ಕಥಾಸಾರವನ್ನು ಅಂಕಅಂಕವಾಗಿ ಎರಡು ಸಲ ಓದಿ. ಕೊನೆ ತಿಳಿದುಬಿಡುತ್ತದೆ ಎಂಬ ಅಳುಕು ಬೇಡ. ಒಪೆರಾದಲ್ಲಿ ಕುತೂಹಲ ಇರುವುದು ಏನಾಯಿತು ಎಂಬುದರಲ್ಲಲ್ಲ, ಹೇಗೆ ಹಾಡಿದರು ಎಂಬುದರಲ್ಲಿ. ಪೂರ್ತಿ ಧ್ವನಿಮುದ್ರಣ ಕೇಳಲು ಹೋಗಬೇಡಿ, ನಡುವೆಯೇ ಬೇಸರ ಬರುತ್ತದೆ. ಮೂರು ತುಣುಕು ಆರಿಸಿಕೊಂಡು ಪದಗಳ ಅರ್ಥ ಎದುರಿಗಿಟ್ಟುಕೊಂಡು ಮೂರುನಾಲ್ಕು ಸಲ ಕೇಳಿ. ‘ಲಾ ಬೊಹೆಮ್’ಗೆ ಮೇಲೆ ಹೇಳಿದ ಕಾಲು ಗಂಟೆ, ಎರಡನೇ ಅಂಕದಲ್ಲಿ ರೊಡಾಲ್ಫೊನ ಗೆಳೆಯ ಮಾರ್ಚೆಲ್ಲೊನ ಪ್ರೇಯಸಿ ಮುಜೆಟ್ಟಾ ಹಾಡುವ ವಾಲ್ಟ್ಸ್ (ನೃತ್ಯದ ಲಯದ ಹಾಡು), ಮೂರನೇ ಅಂಕದ ಕೊನೆಯ ನಾಲ್ವರ ಗಾನ, ಇಷ್ಟು ಸಾಕು.

ಆ ನಾಲ್ವರ ಗಾನದಲ್ಲಿ ಮಿಮಿ, ರೊಡಾಲ್ಫೊ ಮೆಲ್ಲಗೆ ಬೀಳ್ಕೊಡುತ್ತಿರುವಾಗಲೇ ಪಕ್ಕದಲ್ಲಿ ಮುಜೆಟ್ಟಾ, ಮಾರ್ಚೆಲ್ಲೊ ಕಚ್ಚಾಡುತ್ತಿರುತ್ತಾರೆ. ಎರಡು ಜೋಡಿ, ಎರಡು ಭಾವ, ಒಂದೇ ಸಂಗೀತ. ಮಾತಿನ ನಾಟಕದಲ್ಲಿ ನಾಲ್ವರು ಒಟ್ಟಿಗೆ ಮಾತಾಡಿದರೆ ಗದ್ದಲವಾಗುತ್ತದೆ, ಇಲ್ಲಿ ನಾಲ್ಕೂ ಕೇಳುತ್ತವೆ. ಅನುವಾದದ ಎರಡು ಸಾಲಿನಲ್ಲಿ ಇದನ್ನು ಹಿಡಿದಿಡಲಾಗದು. ಅಂಥ ಕಡೆ ಕಣ್ಣನ್ನು ಅಕ್ಷರದಿಂದ ಕಿತ್ತು ರಂಗದ ಮೇಲಿಡಿ.

ಪ್ರಶ್ನೆ: ಹಳೆಯ ಕಥೆಯನ್ನು ಈಗಿನ ಉಡುಪಿನಲ್ಲಿ ಆಡುತ್ತಾರಂತೆ. ಅಂಥದ್ದನ್ನು ಬಿಡಬೇಕೇ?

ಉತ್ತರ: ಕಾಲ ಬದಲಾದ ಮಾತ್ರಕ್ಕೆ ಬಿಡಬೇಕಿಲ್ಲ. ನಿರ್ದೇಶಕ ಜೊನಾಥನ್ ಮಿಲ್ಲರ್ 1982ರಲ್ಲಿ ಲಂಡನ್ನಿನಲ್ಲಿ ವೆರ್ದಿಯ ‘ರಿಗೊಲೆಟ್ಟೊ’ವನ್ನು 1950ರ ದಶಕದ ನ್ಯೂಯಾರ್ಕ್ ಮಾಫಿಯಾದ ನಡುವೆ ಇಟ್ಟರು, ಅದು ಚೆನ್ನಾಗಿ ಕೂತಿತು. ಯಾಕೆಂದರೆ ಕಂಡ ಹೆಣ್ಣನ್ನು ಎಳೆದೊಯ್ಯುವ, ಆ ಕಥೆಯ ಡ್ಯೂಕನ ಅಧಿಕಾರ ಮಾಫಿಯಾ ದೊರೆಗೂ ಇದೆ. ಇನ್ನೊಬ್ಬ ನಿರ್ದೇಶಕ ಕ್ಲೌಸ್ ಗುತ್ 2017ರಲ್ಲಿ ಪ್ಯಾರಿಸ್ಸಿನಲ್ಲಿ ‘ಲಾ ಬೊಹೆಮ್’ ಅನ್ನು ಬಾಹ್ಯಾಕಾಶ ನೌಕೆಗೆ ಒಯ್ದರು. ಕೃತಿಯನ್ನು ಹತ್ತು ಸಲ ನೋಡಿದವರಿಗೆ ಅದರಲ್ಲಿ ಹೊಸ ಹೊಳಹು ಸಿಕ್ಕೀತು. ಹೊಸಬರಿಗೆ ಮಾತ್ರ ಹಾಡಿನಲ್ಲಿ ಕೇಳುವುದು ಒಂದು, ಕಣ್ಣಿಗೆ ಕಾಣುವುದು ಇನ್ನೊಂದು ಆಗಿ ಎರಡೂ ಕೈತಪ್ಪುತ್ತವೆ. ಟಿಕೆಟ್ ಕೊಳ್ಳುವ ಮೊದಲು ಪ್ರದರ್ಶನದ ಚಿತ್ರಗಳನ್ನು ನೋಡಿ. ‘ಕನ್ಸರ್ಟ್ ಪ್ರದರ್ಶನ’ ಎಂದು ಬರೆದಿದ್ದರೆ ವೇಷ, ರಂಗಸಜ್ಜಿಕೆ ಇಲ್ಲದೆ ನಿಂತು ಹಾಡುತ್ತಾರೆ ಎಂದರ್ಥ. ಮೊದಲ ಸಲಕ್ಕೆ ಅದು ಬೇಡ.

ಪ್ರಶ್ನೆ: ಸೀಟು ಎಲ್ಲಿ ತೆಗೆದುಕೊಳ್ಳಲಿ?

ಉತ್ತರ: ಹಾಡುವವರಿಗೆ ಸಾಮಾನ್ಯವಾಗಿ ಮೈಕ್ ಇರುವುದಿಲ್ಲ, ಆದ್ದರಿಂದ ಸೀಟಿನ ಮಾತು ದೊಡ್ಡದು. ತೀರಾ ಮುಂದಿನ ಸಾಲಿನಲ್ಲಿ ಕೂತರೆ ವಾದ್ಯಮೇಳವೇ ಕಿವಿ ತುಂಬುತ್ತದೆ, ಮೇಲಿನ ಅನುವಾದ ಓದಲು ಕತ್ತು ನೋಯುತ್ತದೆ. ಕೆಳಗಿನ ಹಂತದ ಕೊನೆಯ ಸಾಲುಗಳ ತಲೆಯ ಮೇಲೆ ಬಾಲ್ಕನಿ ಚಾಚಿರುತ್ತದೆ, ಅಲ್ಲಿ ದನಿ ಮಂಕಾಗುತ್ತದೆ. ಪಕ್ಕದ ಬಾಕ್ಸ್‌ಗಳಿಂದ ರಂಗದ ಒಂದು ಮೂಲೆ ಕಾಣುವುದೇ ಇಲ್ಲ. ಮೇಲಿನ ಹಂತದ ನಡುಭಾಗದ ಮುಂದಿನ ಸಾಲುಗಳು ಕಡಿಮೆ ಬೆಲೆಗೆ ಒಳ್ಳೆಯ ದನಿ ಕೊಡುತ್ತವೆ. ಮುಖಗಳು ಸಣ್ಣದಾಗಿ ಕಾಣುತ್ತವೆ, ಚಿಕ್ಕ ದುರ್ಬೀನು ಜೊತೆಗಿರಲಿ.

ಪ್ರಶ್ನೆ: ಚಪ್ಪಾಳೆ ಯಾವಾಗ ತಟ್ಟಬೇಕು? ತಡವಾದರೆ ಒಳಗೆ ಬಿಡುತ್ತಾರಾ?

ಉತ್ತರ: ಇಟಾಲಿಯನ್ ಕೃತಿಗಳಲ್ಲಿ ದೊಡ್ಡ ಆರಿಯಾ ಮುಗಿದಾಗ ತಟ್ಟುವುದು ವಾಡಿಕೆ. ವಾಗ್ನರನ ಕೃತಿಯಾದರೆ ಅಂಕದ ಕೊನೆಯವರೆಗೆ ಕಾಯಿರಿ. ಅನುಮಾನ ಬಂದರೆ ಉಳಿದವರು ಶುರು ಮಾಡಲಿ, ನೀವು ಸೇರಿಕೊಳ್ಳಿ.

ಬಾಗಿಲು ಮುಚ್ಚಿದ ಮೇಲೆ ಹೆಚ್ಚಿನ ಕಡೆ ಮುಂದಿನ ವಿರಾಮದವರೆಗೆ ಒಳಗೆ ಬಿಡುವುದಿಲ್ಲ. ‘ಲಾ ಬೊಹೆಮ್’ನ ಮೊದಲೆರಡು ಅಂಕಗಳನ್ನು ಎಷ್ಟೋ ಕಡೆ ನಡುವೆ ವಿರಾಮ ಕೊಡದೆ ಆಡುತ್ತಾರೆ. ಐದು ನಿಮಿಷ ತಡವಾದರೂ ಸುಮಾರು ಒಂದು ಗಂಟೆ ಹೊರಗೇ ಉಳಿಯಬೇಕಾದೀತು, ಬೀಗದ ಕೈ ಹುಡುಕುವ ಆ ದೃಶ್ಯವೂ ತಪ್ಪಿಹೋಗುತ್ತದೆ. ಅರ್ಧ ಗಂಟೆ ಮುಂಚೆ ತಲುಪಿ.